ಮೂಗಿಗೆ ಎಂತ ಬಂತು, ಮೇಷ್ಟ್ರೆ?

ಬಿಯರನ್ನು ಬಾಯಿಗೆ ಹಾಕಿಕೊಂಡು, ಸೊರ್ರನೆ ಸದ್ದು ಮಾಡಿ, ಆ ಕೆನ್ನೆಯಿಂದ ಈ ಕೆನ್ನೆಗೆ ಓಡಾಡಿಸಿ, ಕೊನೆಗೆ ಅಂಗಳದಾಚೆಯ ಕಾಫಿ ಗಿಡದ ಬುಡಕ್ಕೆ ಉಗಿದುಬಿಟ್ಟ ಮನುಷ್ಯನನ್ನು ಇಡೀ ಕೊಡಗಿನಲ್ಲಿ ನಾನು ನೋಡಿದ್ದು ಒಬ್ಬರನ್ನೇ. ನಮ್ಮ ಜಿಲ್ಲೆಯಲ್ಲಿ ಕುಡಿಯುವವರಿದ್ದಾರೆ, ಕುಡಿಯದವರಿದ್ದಾರೆ, ಕುಡಿದು ಬಿಟ್ಟವರೂ ಇದ್ದಾರೆ. ಬಾಯಿಗೆ ಬಂದ ಬಿಯರನ್ನು ಹೊರಗೆ ಹಾಕುವವರೂ ಇದ್ದಾರೆಂದು ಗೊತ್ತಾದದ್ದು ನಾನು ತಿತಿಮತಿಯ ಹತ್ತಿರ ಕೆಲಸದಲ್ಲಿದ್ದಾಗ. ಅವರು ಉಗಿದರು. ನಾನು ಸದ್ದಿಲ್ಲದೆ ನುಂಗಿ, ಉಗಿದವನ ಹಾಗೆ ಬಾಯಿ ಒರೆಸಿಕೊಂಡೆ.

"ನುಂಗಿದ್ರಿ ಅಲ್ವಾ?" ಎಂದರು, ನನ್ನ ಕಡೆ ತಿರುಗದೆ. "ಗಂಟಲು ಸದ್ದು ಮಾಡ್ತದೆ ಮಾರಾಯ್ರೆ."

ಊರಿನಲ್ಲಿ ಎಲ್ಲರೂ ಅವರನ್ನು ಟೇಸ್ಟರ್ ಎನ್ನುತ್ತಿದ್ದರು. ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಮೂವತ್ತು ಚಿಲ್ಲರೆ ವರ್ಷ ಕಾಫಿಯ ರುಚಿ ನೋಡುವುದೇ ಅವರ ನೌಕರಿಯಾಗಿತ್ತು. ಇದಕ್ಕೆ ಮಣ್ಣಿನ ವಾಸನೆ ಹೊಡೆದಿದೆ, ಇದನ್ನು ಸರಿಯಾಗಿ ಒಣಗಿಸದೆ ಚೀಲಕ್ಕೆ ತುಂಬಿದ್ದಾರೆ, ಇದು ದೇವರಿಗಿಡುವ ಕಾಫಿ ಎಂದು ಒಂದು ಚಮಚದಲ್ಲಿ ಹೇಳಿಬಿಡುತ್ತಿದ್ದರಂತೆ. ದಿನಕ್ಕೆ ಅಷ್ಟೊಂದು ಬಟ್ಟಲು ನುಂಗಿದರೆ ಮನುಷ್ಯ ಉಳಿಯುವುದಿಲ್ಲ, ಹಾಗಾಗಿ ಉಗಿಯುವುದು ಆ ಕಸುಬಿನ ಕ್ರಮ. ನಿವೃತ್ತರಾದ ಮೇಲೆ ಎರಡೆಕರೆ ತೋಟದ ನಡುವೆ ಚಿಕ್ಕದೊಂದು ಮನೆಯಲ್ಲಿದ್ದರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ, ಬಂಧುಗಳೆಲ್ಲ ಭಾಗಮಂಡಲದ ಕಡೆ.

ನಾನು ಕೊಡ್ಲಿಪೇಟೆಯವನು. ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ಜಿಲ್ಲೆಯ ಆ ತುದಿಯಿಂದ ಈ ತುದಿಗೆ ವರ್ಗ ಮಾಡಿ ಎತ್ತಿಹಾಕಿದ್ದರು. ಹೆಂಡತಿ ಮತ್ತು ಮಗಳು ಊರಿನಲ್ಲೇ ಉಳಿದರು. ಮೂರು ಬಸ್ಸು ಬದಲಾಯಿಸಿ ಮನೆ ಮುಟ್ಟಬೇಕಾದ್ದರಿಂದ ಹದಿನೈದು ದಿನಕ್ಕೊಮ್ಮೆ ಹೋಗುತ್ತಿದ್ದೆ. ಉಳಿದ ದಿನಗಳಲ್ಲಿ ಬಾಡಿಗೆ ರೂಮು, ಬೆಳಿಗ್ಗೆ ಅವಲಕ್ಕಿ, ರಾತ್ರಿ ಅನ್ನ ಸಾರು, ಯಾರ ಮೇಲೆ ಎಂದು ಗೊತ್ತಿಲ್ಲದ ಸಿಟ್ಟು. ಒಂದು ಸಂಜೆ ಅವರೇ ಪೇಪರಿನಲ್ಲಿ ಸುತ್ತಿದ ಬಿಯರ್ ಕ್ಯಾನೊಂದನ್ನು ಹಿಡಿದು ರೂಮಿನ ಬಾಗಿಲಿಗೆ ಬಂದರು. ತೆಳ್ಳನೆಯ ಆಳು, ಇಸ್ತ್ರಿ ಮಾಡಿದ ಅರ್ಧ ತೋಳಿನ ಶರ್ಟು, ಜೇಬಿನಲ್ಲಿ ಒಂದು ಉರುಟು ಚಮಚ. ನಮಸ್ಕಾರವಿಲ್ಲ, ಹೆಸರಿಲ್ಲ.

"ನೀವು ಕೆಮಿಸ್ಟ್ರಿ ಅಂತೆ. ಮೂಗು ಹೇಗುಂಟು ನಿಮ್ದು?"

"ಶೀತ ಏನಿಲ್ಲ ಸಾರ್," ಎಂದೆ.

"ಹಾಗಾದ್ರೆ ಶನಿವಾರ ನಾಕು ಗಂಟೆಗೆ ಬನ್ನಿ."

ಅವರಿಗೆ ವಾಸನೆ ಹೋಗಿತ್ತು. ಇದನ್ನು ಇಲ್ಲೇ ಹೇಳಿಬಿಡುತ್ತೇನೆ. ನನಗೆ ತಿಳಿಯಲು ಒಂದು ವರ್ಷ ಹಿಡಿಯಿತು, ಓದುವವರನ್ನು ಅಷ್ಟು ಕಾಯಿಸುವುದು ಬೇಡ. ಎಲ್ಲರೂ ಬಾಗಿಲು ಹಾಕಿಕೊಂಡು ಕೂತಿದ್ದ ಆ ಜ್ವರದ ಕಾಲದಲ್ಲಿ ಹೋದ ವಾಸನೆ ಮರಳಿ ಬಂದಿರಲಿಲ್ಲ. ನಾಲಿಗೆ ಇತ್ತು. ಸಿಹಿ, ಹುಳಿ, ಕಹಿ ಗೊತ್ತಾಗುತ್ತಿದ್ದವು. ಉಳಿದದ್ದನ್ನೆಲ್ಲ ಬೀಜದ ಬಣ್ಣ ನೋಡಿ, ಉಗುರಿನಲ್ಲಿ ಒತ್ತಿ, ಹಳೆಯ ಅನುಭವದಿಂದ ಊಹಿಸಿ ಹೇಳುತ್ತಿದ್ದರು. ಯಾರೊಬ್ಬರಿಗೂ ಹೇಳಿರಲಿಲ್ಲ. ಯಾಕೆಂದರೆ ಸುತ್ತಲಿನ ಬೆಳೆಗಾರರು ಕಾಫಿ ಮಾರುವ ಮೊದಲು ಈಗಲೂ ಒಂದು ಪೊಟ್ಟಣ ಸ್ಯಾಂಪಲ್ ಹಿಡಿದುಕೊಂಡು ಅವರ ಗೇಟಿಗೆ ಬರುತ್ತಿದ್ದರು. ಆ ಗೇಟು ತೆರೆಯುತ್ತಿದ್ದದ್ದು ಅದಕ್ಕೊಂದಕ್ಕೇ. ಟೇಸ್ಟರಿಗೆ ಮೂಗಿಲ್ಲ ಎಂದು ಗೊತ್ತಾದ ದಿನ ಅದೂ ನಿಲ್ಲುತ್ತಿತ್ತು.

ಊರಿಗೆ ಹೋಗದ ವಾರಗಳ ಶನಿವಾರಗಳು ಹಾಗೆ ಶುರುವಾದವು. ನಾಲ್ಕು ಗಂಟೆ ಎಂದರೆ ನಾಲ್ಕೇ ಗಂಟೆ. ಐದೂವರೆಗೆ ನಾನು ಹೊರಟುಬಿಡಬೇಕು, ಆಮೇಲೆ ಆ ದಾರಿ ಆನೆಗಳದು. ಜಗಲಿಯ ಮೇಜಿಗೆ ಬಿಳಿ ಬಟ್ಟೆ ಹಾಸಿ, ಕಾಫಿಯ ರುಚಿ ನೋಡಲು ಬಳಸುತ್ತಿದ್ದ ಪಿಂಗಾಣಿ ಬಟ್ಟಲುಗಳನ್ನು ಸಾಲಾಗಿ ಇಟ್ಟಿರುತ್ತಿದ್ದರು. ಬಿಯರು ಬರುತ್ತಿದ್ದದ್ದು ಪಕ್ಕದ ಎಸ್ಟೇಟಿನ ಹೋಂಸ್ಟೇಯಿಂದ. ಬೆಂಗಳೂರಿನ ಗಿರಾಕಿಗಳು ಬಗೆಬಗೆಯ ಕ್ಯಾನುಗಳನ್ನು ತಂದು ಅರ್ಧ ಕುಡಿದು ಅರ್ಧ ಫ್ರಿಜ್ಜಿನಲ್ಲಿ ಮರೆತು ಹೋಗುತ್ತಿದ್ದರು. ಅಲ್ಲಿಯ ಸಾಹುಕಾರರು ಅದನ್ನೆಲ್ಲ ಇವರಿಗೆ ಕೊಟ್ಟು, ಇವರಿಂದ ತಮ್ಮ ಕಾಫಿಗೆ ರುಚಿ ಹೇಳಿಸಿಕೊಳ್ಳುತ್ತಿದ್ದರು.

ಫ್ರಿಜ್ಜಿನಿಂದ ತೆಗೆದ ಬಿಯರನ್ನು ಟೇಸ್ಟರ್ ಬಟ್ಟಲಿಗೆ ಸುರಿದು ಇಪ್ಪತ್ತು ನಿಮಿಷ ಸುಮ್ಮನೆ ಇಡುತ್ತಿದ್ದರು. ಬಿಸಿಲಲ್ಲಿ ನಡೆದು ಬಂದ ನನಗೆ ಅದನ್ನು ನೋಡುತ್ತ ಕೂರುವುದೇ ಶಿಕ್ಷೆ.

"ಬೆಚ್ಚಗಾಗಿ ಹೋಗ್ತದಲ್ಲ ಸಾರ್!"

"ಆಗ್ಲಿ. ತಣ್ಣಗಿದ್ರೆ ಅದು ಬಾಯಿ ಮುಚ್ಚಿ ಕೂರ್ತದೆ. ಬೆಚ್ಚಗಾದ್ರೆ ಒಂದೊಂದೇ ಹೇಳ್ತದೆ."

ಇಪ್ಪತ್ತು ನಿಮಿಷವಾದ ಮೇಲೆ ಚಮಚದಿಂದ ನೊರೆ ಸರಿಸಿ, ಬಟ್ಟಲನ್ನು ನನ್ನ ಮುಂದೆ ತಳ್ಳಿ, ಪ್ರತಿ ಸಲ ಅದೇ ಪ್ರಶ್ನೆ ಕೇಳುತ್ತಿದ್ದರು. "ಮೂಗಿಗೆ ಎಂತ ಬಂತು, ಮೇಷ್ಟ್ರೆ?"

ಅಲ್ಲಿಯವರೆಗೆ ಬಿಯರ್ ಎಂದರೆ ನನಗೆ ಹಳದಿ, ಕಹಿ, ತಣ್ಣಗೆ, ಅಷ್ಟೇ. ಸ್ಟ್ರಾಂಗು ಬೇಕಾ ಮಾಮೂಲಿ ಬೇಕಾ ಎಂದು ವೈನ್‌ಶಾಪಿನವನು ಕೇಳುವುದರ ಆಚೆಗೆ ಅದರಲ್ಲಿ ಬಗೆಗಳಿವೆ ಎಂದು ಗೊತ್ತೇ ಇರಲಿಲ್ಲ. ಆ ಜಗಲಿಯಲ್ಲಿ ನನ್ನ ಕಣ್ಣು, ಮೂಗು ಎರಡೂ ತೆರೆದವು. ಸ್ಟೌಟ್ ಎಂಬ ಕಪ್ಪು ಬಿಯರಿಗೆ ಮೂಗು ಕೊಟ್ಟಾಗ ನಮ್ಮೂರಲ್ಲಿ ಹುರಿಹಿಟ್ಟಿಗೆಂದು ರಾಗಿ ಹುರಿಯುವ ಬಾಣಲೆ ಕಣ್ಣೆದುರು ಬಂತು. ಐಪಿಎ ಎಂಬ ಕಹಿ ಬಿಯರಿನಲ್ಲಿ ಕಿತ್ತಳೆ ಸಿಪ್ಪೆಯನ್ನು ಕಣ್ಣಿಗೆ ಹಿಂಡಿದಂತಾಯಿತು. ಹುಳಿ ಬಿಯರೊಂದು ಬಂದಾಗ ಕೆಟ್ಟುಹೋಗಿದೆ ಎಂದು ಚೆಲ್ಲಲು ಹೊರಟಿದ್ದೆ. ಅವರು ಕೈ ಹಿಡಿದುಕೊಂಡರು. "ಕೆಟ್ಟದ್ದಲ್ಲ ಮೇಷ್ಟ್ರೆ, ಅದರ ಸ್ವಭಾವವೇ ಹಾಗೆ. ಮನುಷ್ಯರಲ್ಲಿ ಇಲ್ವಾ?" ಎರಡನೆಯ ಗುಟುಕಿಗೆ ಹಿಡಿಸಿತು, ಮೂರನೆಯದಾದ ಮೇಲೆ ನಾನೇ ಬಟ್ಟಲು ವಾಪಸ್ ಕೊಡಲಿಲ್ಲ.

ನಾನು ಹೇಳಿದ್ದನ್ನು ಕೇಳಿ ಅವರು ಕಣ್ಣು ಮುಚ್ಚಿ, ಬಟ್ಟಲಿನ ಮೇಲೆ ಬಾಗಿ, "ಹೌದು. ಅದೇ," ಎನ್ನುತ್ತಿದ್ದರು. ಆಮೇಲೆ ಉದ್ದನೆಯ ರಿಜಿಸ್ಟರಿನಲ್ಲಿ ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದರು. ಹುರಿದ ರಾಗಿ. ಕಿತ್ತಳೆ ಸಿಪ್ಪೆ. ಹಳೆ ಮಜ್ಜಿಗೆ. ನನಗೆ ಪಾಸಾದಷ್ಟು ಖುಷಿ. ಆ ಊರಿನಲ್ಲಿ ಬೇರೆ ಯಾರೂ ನನ್ನನ್ನು ಏನನ್ನೂ ಕೇಳುತ್ತಿರಲಿಲ್ಲ, ಅದಕ್ಕೇ ಇರಬೇಕು.

ಅವರು ಉಗಿಯುವುದನ್ನು ಬಿಟ್ಟದ್ದು ಮೂರನೆಯ ತಿಂಗಳಲ್ಲಿ. ಆವತ್ತು ಐಪಿಎ ಇತ್ತು. ಎರಡು ಸಲ ಉಗಿದು, ಏನೋ ಸರಿಹೋಗದವರ ಹಾಗೆ ತಲೆ ಆಡಿಸಿ, ಮೂರನೆಯ ಸಲ ಮೆಲ್ಲನೆ ನುಂಗಿದರು. ಗಂಟಲ ಮೇಲೆ ಕೈ ಇಟ್ಟುಕೊಂಡು ಕೂತರು.

"ಇದರ ಕಹಿ ಬಾಯಲ್ಲಿಲ್ಲ, ಒಳಗೆ ಹೋದ ಮೇಲೆ ಬರ್ತದೆ. ಉಗಿದವನಿಗೆ ಸಿಕ್ಕುವುದಿಲ್ಲ." ಇನ್ನೊಂದು ಗುಟುಕು ನುಂಗಿ, "ಅರವತ್ತು ದಾಟಿದ ಮೇಲೆ ನುಂಗ್ಲಿಕ್ಕೆ ಕಲಿತೆ ನೋಡಿ," ಎಂದು ನಕ್ಕರು.

ನಗುವ ಮಾತಲ್ಲ ಅದು. ನಾಲಿಗೆ ಕೆಡಬಾರದೆಂದು ನೌಕರಿಯುದ್ದಕ್ಕೂ ಅವರು ಮದ್ಯ ಮುಟ್ಟಿರಲಿಲ್ಲ. ಖಾರವಿಲ್ಲ, ಬೆಳ್ಳುಳ್ಳಿ ಇಲ್ಲ, ಎಲೆ ಅಡಿಕೆ ಇಲ್ಲ. ಕೊಡಗಿನ ಮದುವೆಯಲ್ಲಿ ಕುಡಿಯದ ಗಂಡಸು ಎಲ್ಲಿ ಕೂರಬೇಕು? ಮುದುಕಿಯರ ಜೊತೆ ಬೆಂಚಿನಲ್ಲಿ ಕೂತು ಶರಬತ್ತು ಕುಡಿದು ಬರುತ್ತಿದ್ದೆ ಎಂದು ಅವರೇ ಹೇಳಿದ್ದರು. ವಾಲಗಕ್ಕೆ ಎಲ್ಲರೂ ಕುಣಿಯುವಾಗ ಇವರು ಬೇರೆಯವರ ಕೋಟು ಕಾಯುತ್ತಿದ್ದರಂತೆ. ಕೊನೆಗೆ ತಾವು ಬಟ್ಟಲು ಹಿಡಿಯುವ ಹೊತ್ತಿಗೆ ಅವರ ವಯಸ್ಸಿನವರಿಗೆಲ್ಲ ಡಾಕ್ಟರು ಬೇಡ ಎಂದಿದ್ದರು. ಕೆಲವರಿಗೆ ಡಾಕ್ಟರು ಹೇಳುವುದಕ್ಕೂ ಏನೂ ಉಳಿದಿರಲಿಲ್ಲ.

ಕಾಫಿ ಅರಳಿಸುವ ಹೂಮಳೆ ಬಿದ್ದ ಎಂಟನೆಯ ದಿನ ತೋಟವೆಲ್ಲ ಬೆಳ್ಳಗಾಗಿತ್ತು. ಕಾಫಿ ಹೂವಿನ ಆ ಪರಿಮಳದಲ್ಲಿ ರಸ್ತೆಯಲ್ಲಿ ಹೋಗುವ ಲಾರಿಯವರೂ ಗಾಡಿ ನಿಧಾನ ಮಾಡುತ್ತಾರೆ. "ಎಷ್ಟು ಘಮ್ಮಂತ ಇದೆ ಸಾರ್, ತಲೆ ತಿರುಗ್ತದೆ!" ಎಂದೆ. ಅವರು ಗಿಡಗಳ ನಡುವೆ ಕೈ ಹಿಂದೆ ಕಟ್ಟಿ ನಿಂತಿದ್ದರು. "ಹೌದು," ಎಂದು, ಒಂದು ರೆಂಬೆಯನ್ನು ಬಾಗಿಸಿ ಹೂವನ್ನು ಕೆನ್ನೆಗೆ ಒತ್ತಿಕೊಂಡರು. ಮೂಗಿಗಲ್ಲ, ಕೆನ್ನೆಗೆ. ಆಗ ನನಗೆ ಅರ್ಥವಾಗಲಿಲ್ಲ.

ಈಗ ನಾನು ಮಾಡಿದ ಕೆಲಸ ಹೇಳಬೇಕು.

ಆ ವಾರ ನಾನು ಊರಿಗೆ ಹೋಗಬೇಕಿತ್ತು, ಮಗಳ ಹುಟ್ಟುಹಬ್ಬ. ಪರೀಕ್ಷೆಯ ಡ್ಯೂಟಿ ಹಾಕಿ ಉಳಿಸಿಕೊಂಡರು. ಫೋನಿನಲ್ಲಿ ಮಗಳು ಮಾತಾಡಲೇ ಇಲ್ಲ. ಆ ಸಿಟ್ಟನ್ನು ಹೊತ್ತುಕೊಂಡೇ ಶನಿವಾರ ಜಗಲಿಗೆ ಹೋದೆ. ಆವತ್ತಿನದು ಗೋಧಿ ಬಿಯರು, ಮಬ್ಬು ಮಬ್ಬು ಹಳದಿ. ಬಟ್ಟಲು ಮುಂದೆ ಬರುವ ಮೊದಲೇ ನನಗೆ ಬಾಳೆಹಣ್ಣಿನ ವಾಸನೆ ಬಂತು, ಚೆನ್ನಾಗಿ ಕಳಿತ ಬಾಳೆಹಣ್ಣು. ಅದರಲ್ಲಿ ಅನುಮಾನಕ್ಕೆ ಜಾಗವೇ ಇಲ್ಲ. ಲ್ಯಾಬಿನಲ್ಲಿ ಪ್ರತಿವರ್ಷ ಹುಡುಗರಿಗೆ ಮಾಡಿ ತೋರಿಸುವ ಎಸ್ಟರಿನ ವಾಸನೆ ಅದೇ. ಕಣ್ಣು ಕಟ್ಟಿ ಕೂರಿಸಿದರೂ ನಾನು ಹೇಳುತ್ತಿದ್ದೆ.

"ಮೂಗಿಗೆ ಎಂತ ಬಂತು, ಮೇಷ್ಟ್ರೆ?"

ನನಗೆ ರೇಗಿತು. ಒಂದು ವರ್ಷದಿಂದ ಪ್ರತಿ ಸಲ ನಾನೇ ಮೊದಲು ಹೇಳಬೇಕು, ಇವರು ಕಣ್ಣು ಮುಚ್ಚಿ ಮಾರ್ಕು ಹಾಕಬೇಕು. ನಾನೇನು ಇವರ ಹತ್ತಿರ ಟ್ಯೂಷನ್ನಿಗೆ ಬರುತ್ತೇನೆಯೇ? ಇವತ್ತು ನಾನೇ ಇವರ ಪರೀಕ್ಷೆ ಮಾಡುತ್ತೇನೆ ಅಂದುಕೊಂಡು, ಬಾಯಿಗೆ ಬಂದದ್ದನ್ನು ಹೇಳಿದೆ.

"ಕರ್ಪೂರ."

ಅವರು ಕಣ್ಣು ಮುಚ್ಚಿದರು. ಬಟ್ಟಲಿನ ಮೇಲೆ ಬಾಗಿದರು. "ಹೌದು," ಎಂದರು. "ಅದೇ. ಕರ್ಪೂರ. ಹಿಂದೆ ತಣ್ಣಗೆ ನಿಂತುಂಟು. ಸರಿಯಾಗಿ ಹಿಡಿದ್ರಿ."

ರಿಜಿಸ್ಟರ್ ತೆರೆದು ಬರೆದುಕೊಂಡರು. ಆ ಪೆನ್ನಿನ ಸದ್ದು ಕೇಳುತ್ತಿರುವಾಗಲೇ ನನಗೆ ಎಲ್ಲವೂ ತಿಳಿಯಿತು. ಕೆನ್ನೆಗೊತ್ತಿದ ಹೂವು, ನನ್ನ ಮೂಗನ್ನು ವಿಚಾರಿಸಿಕೊಂಡು ಬಂದ ಸಂಜೆ, ವರ್ಷದ ಶನಿವಾರಗಳು. ಅವರು ನನ್ನನ್ನು ಪರೀಕ್ಷೆ ಮಾಡುತ್ತಿರಲಿಲ್ಲ. ನನ್ನ ಮೂಗಿನಲ್ಲಿ ಉಸಿರಾಡುತ್ತಿದ್ದರು. ಆಗಲೇ ಹೇಳಬಹುದಿತ್ತು, "ತಮಾಷೆ ಮಾಡಿದೆ ಸಾರ್, ಬಾಳೆಹಣ್ಣು" ಎಂದು. ಹೇಳಿದರೆ ನನಗೆ ಗೊತ್ತಾಗಿದೆ ಎಂದು ಅವರಿಗೆ ಗೊತ್ತಾಗುತ್ತದೆ ಎಂದು ಸುಮ್ಮನಾದೆ. ಅದು ದಾಕ್ಷಿಣ್ಯ ಎಂದು ಆಗ ನಂಬಿದ್ದೆ. ಹೇಡಿತನ ಎಂಬ ಮಾತು ಹೊಳೆಯಲು ಎಂಟು ದಿನ ಹಿಡಿಯಿತು.

ಎಂಟನೆಯ ದಿನ ಭಾನುವಾರ. ಹೋಂಸ್ಟೇ ಸಾಹುಕಾರರಿಗೆ ಹೊಸ ಯೋಚನೆ ಬಂದಿತ್ತು. ಬೆಂಗಳೂರಿನ ಅತಿಥಿಗಳಿಗೆ ನಮ್ಮ ಟೇಸ್ಟರ್ ಕೈಯಲ್ಲಿ ಬಿಯರಿನ ರುಚಿ ಹೇಳಿಸಿದರೆ ಹೇಗೆ? ಮಧ್ಯಾಹ್ನ ಊಟಕ್ಕೆ ಮುಂಚೆ, ಹುಲ್ಲುಹಾಸಿನಲ್ಲಿ ಮೇಜು ಹಾಕಿಸಿದ್ದರು. ನನ್ನನ್ನೂ ಕರೆದಿದ್ದರು. ಟೇಸ್ಟರ್ ನೌಕರಿಯ ಕಾಲದ ಬಿಳಿ ಕೋಟು ಹಾಕಿಕೊಂಡು, ಬಟ್ಟಲುಗಳನ್ನು ತಾವೇ ತೊಳೆದು ತಂದಿದ್ದರು. ಅಷ್ಟು ಜನರ ನಡುವೆ, ಎಲ್ಲರ ಕೈಯಲ್ಲೂ ಬಟ್ಟಲಿರುವಾಗ ತಮ್ಮ ಕೈಯಲ್ಲೂ ಒಂದು ಹಿಡಿದು ನಿಂತ ಅವರನ್ನು ನಾನು ನೋಡಿದ್ದು ಅದೊಂದೇ ಸಲ. ಹತ್ತು ವರ್ಷ ಚಿಕ್ಕವರಾಗಿ ಕಾಣುತ್ತಿದ್ದರು. ಸ್ಟೌಟ್ ಸುರಿದು ಹುರಿದ ರಾಗಿ ಎಂದರು, ಎಲ್ಲರೂ ಹೌದು ಹೌದು ಎಂದರು. ಐಪಿಎ, ಕಿತ್ತಳೆ ಸಿಪ್ಪೆ. ಯಾರೋ ಚಪ್ಪಾಳೆ ತಟ್ಟಿದರು. ಆಮೇಲೆ ಗೋಧಿ ಬಿಯರು.

"ಇದು ಸೂಕ್ಷ್ಮ," ಎಂದರು, ಬೆರಳೆತ್ತಿ. "ಅವಸರ ಮಾಡ್ಬೇಡಿ. ಕರ್ಪೂರ ಉಂಟು ಇದರಲ್ಲಿ."

ಎಲ್ಲರೂ ಮೂಸಿದರು. ಒಬ್ಬಳು ಹುಡುಗಿ, ಕೆಟ್ಟ ಮನಸ್ಸೇನೂ ಇರದವಳು, "ಅಂಕಲ್, ಇದು ಬಾಳೆಹಣ್ಣಲ್ವಾ?" ಎಂದಳು. "ಬರೀ ಬಾಳೆಹಣ್ಣು!" ಎಂದ ಇನ್ನೊಬ್ಬ. ನಗು ಹಬ್ಬಿತು. ಸಾಹುಕಾರರೂ ಮೂಸಿ, "ಎಂತ ಟೇಸ್ಟರೆ, ನಂಗೂ ಬಾಳೆಹಣ್ಣೇ ಬರ್ತಾ ಉಂಟಲ್ಲ," ಎಂದರು, ಹುಬ್ಬು ಗಂಟಿಕ್ಕಿ.

ಟೇಸ್ಟರ್ ನನ್ನ ಕಡೆ ನೋಡಿದರು. ನಾನು ಬಟ್ಟಲೊಳಗೆ ನೋಡಿದೆ. "ಅದು ನಾನು ಹೇಳಿದ್ದು" ಎಂಬ ಮೂರು ಮಾತು ಬಾಯಿತನಕ ಬಂದಿತ್ತು. ಉಗಿಯಲಿಲ್ಲ, ನುಂಗಿದೆ.

"ವಯಸ್ಸಾಯ್ತು ನೋಡಿ," ಎಂದು ಅವರೇ ನಕ್ಕು, ಕೋಟಿನ ಗುಂಡಿ ಬಿಚ್ಚಿಕೊಂಡರು.

ಮಾತು ಹರಡಲು ಎಷ್ಟು ದಿನ ಬೇಕು? ಆಚೆಯ ಬಾಳೆಲೆ ಊರಿನ ಸಂತೆಯಲ್ಲೂ ಟೇಸ್ಟರ್ ಮೂಗು ಕೆಟ್ಟಿದೆಯಂತೆ ಎಂದು ಆಡಿಕೊಂಡದ್ದನ್ನು ನಾನೇ ಕೇಳಿದೆ. ಆ ವರ್ಷ ಪಿಕ್ಕಿಂಗ್ ಮುಗಿದು ಕಣದಲ್ಲಿ ಕಾಫಿ ಒಣಗಿದರೂ ಒಂದು ಪೊಟ್ಟಣವೂ ಅವರ ಗೇಟಿಗೆ ಬರಲಿಲ್ಲ. ಗೇಟಿನ ಚಿಲಕಕ್ಕೆ ಜೇಡ ಬಲೆ ಕಟ್ಟುತ್ತಿತ್ತು, ಶನಿವಾರ ಶನಿವಾರ ನಾನೇ ಅದನ್ನು ಹರಿಯುತ್ತಿದ್ದೆ.

ಹೌದು, ಶನಿವಾರಗಳು ನಿಲ್ಲಲಿಲ್ಲ. ಆ ಭಾನುವಾರದ ಮರುವಾರವೇ ಫೋನು ಮಾಡಿ, "ಎಂತ ಮೇಷ್ಟ್ರೆ, ಬರುದಿಲ್ವಾ?" ಎಂದು ಕೇಳಿದ್ದರು. ಬೈಯುತ್ತಾರೆ ಎಂದುಕೊಂಡು ಹೋದೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರು ಬಟ್ಟಲಿಗೆ ಸುರಿದು, ಇಪ್ಪತ್ತು ನಿಮಿಷ ಕಾಯುತ್ತ, ತೋಟದ ಕಡೆ ನೋಡಿಕೊಂಡೇ ಎಲ್ಲವನ್ನೂ ಹೇಳಿದರು.

"ಜ್ವರ ಬಿಟ್ಟ ಮಾರನೇ ದಿನ ಕಾಫಿ ಹುರೀಲಿಕ್ಕೆ ಕೂತೆ. ಕರಟಿ ಹೋಯ್ತು. ಹೊಗೆ ಕಣ್ಣಿಗೆ ಕಂಡ ಮೇಲೆ ಗೊತ್ತಾದದ್ದು. ಆಮೇಲೆ ಕಾಫಿ ಬಾಯಿಗಿಟ್ಟಾಗೆಲ್ಲ, ಅಲ್ಲಿ ಎಂತೆಂತ ಇರ್ಬೇಕಿತ್ತೋ ಅದೇ ನೆನಪಾಗ್ತಿತ್ತು. ಬಿಯರ್ ಹಾಗಲ್ಲ. ನಂಗೆ ಅದರ ಪರಿಚಯವೇ ಇರ್ಲಿಲ್ಲ. ಗುರುತಿಲ್ಲದ ಊರಿಗೆ ಹೋದವನಿಗೆ ಯಾವ ಅಂಗಡಿ ಮುಚ್ಚಿದೆ ಅಂತ ಗೊತ್ತಾಗ್ತದಾ? ಇದ್ದಷ್ಟನ್ನೇ ನೋಡಿ ಖುಷಿ ಪಡ್ಬಹುದು."

ಕರ್ಪೂರದ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಬಟ್ಟಲನ್ನು ನನ್ನ ಕಡೆ ತಳ್ಳಿ ಅದೇ ಪ್ರಶ್ನೆ ಕೇಳಿದರು. ಮೂಗನ್ನು ನೊರೆಗೆ ತಾಗಿಸಿ, ಬೆವರುತ್ತ, ಜೇನು ಇದೆ ಸಾರ್, ಸ್ವಲ್ಪ ಒಣಹುಲ್ಲು ಇದೆ ಎಂದು ಸತ್ಯವನ್ನೇ ಹೇಳಿದೆ. ಅವರು ಕಣ್ಣು ಮುಚ್ಚಲಿಲ್ಲ. ನನ್ನ ಮುಖವನ್ನು ನೋಡಿದರು.

"ಹೌದಾ?" ಎಂದರು.

ಮುಂದಿನ ಎರಡು ವರ್ಷ ನಾನು ಹೋದ ಪ್ರತಿ ಶನಿವಾರ ಹಾಗೆಯೇ ಕೇಳಿ, ನನ್ನ ಮುಖ ನೋಡಿ, ಆಮೇಲೆ ಬರೆದುಕೊಂಡರು. ಮೋಸ ಮಾಡಿದ ಮೂಗನ್ನೇ ಮತ್ತೆ ಕರೆಯಬೇಕಾದರೆ ಮನುಷ್ಯ ಎಷ್ಟು ಒಂಟಿಯಾಗಿರಬೇಕು! ಗೋಧಿ ಬಿಯರು ಮಾತ್ರ ಮತ್ತೆ ಆ ಮೇಜಿಗೆ ಬರಲಿಲ್ಲ. ನನಗೆ ಊರಿನ ಕಡೆ ವರ್ಗವಾಯಿತು. ಹೊರಡುವ ದಿನ ಬಸ್ಸಿನ ಹತ್ತಿರ ಬಂದು, ಜೇಬಿನ ಚಮಚವನ್ನು ನನ್ನ ಕೈಗಿಟ್ಟರು. "ನಂಗಿನ್ನು ಎಂತಕ್ಕೆ?" ಎಂದರು. ಆಗಾಗ ಬರುತ್ತೇನೆ ಎಂದೆ. ಹೋಗಲಿಲ್ಲ. ಮೂರು ಬಸ್ಸು ಎಂಬ ನೆಪ ಹೇಗೂ ಇತ್ತು.

ಹೋದ ತಿಂಗಳು ಸಾಹುಕಾರರು ಫೋನು ಮಾಡಿ ಟೇಸ್ಟರ್ ತೀರಿಹೋದ ಸುದ್ದಿ ಹೇಳಿದರು. ಜಗಲಿಯ ಕುರ್ಚಿಯಲ್ಲೇ ಹೋಗಿದ್ದರಂತೆ. ತಿಥಿಯ ದಿನ ಹೋದೆ. ಭಾಗಮಂಡಲದಿಂದ ಬಂದಿದ್ದ ಅವರ ಅಣ್ಣನ ಮಗ ಮುಂದೆ ನಿಂತು ಎಲ್ಲವನ್ನೂ ಮಾಡಿಸುತ್ತಿದ್ದ. ಸತ್ತವರಿಗೆ ಎಡೆ ಇಡುವಾಗ ಅನ್ನ, ಮಾಂಸದ ಜೊತೆಗೆ ಒಂದು ಲೋಟ ಮದ್ಯವನ್ನೂ ಇಡುವುದು ಅವರಲ್ಲಿ ಕ್ರಮ. ಬಾಳೆ ಎಲೆಯ ಪಕ್ಕದಲ್ಲಿ ರಮ್ಮು ಇಟ್ಟಿದ್ದರು.

"ಚಿಕ್ಕಪ್ಪ ಜೀವಮಾನದಲ್ಲಿ ಕುಡಿದವರಲ್ಲ ಸಾರ್," ಎಂದ ಆ ಅಣ್ಣನ ಮಗ ನನಗೆ. "ಆದ್ರೂ ಇಡ್ಬೇಕಲ್ಲ."

ಅವನಿಗೆ ಗೊತ್ತಿರಲಿಲ್ಲ. ಅವರ ಕಡೆಯವರು ಯಾರಿಗೂ ಗೊತ್ತಿರಲಿಲ್ಲ.

"ಇನ್ನೊಂದು ಇಡಬಹುದಾ?" ಎಂದು ಕೇಳಿದೆ. "ನಾನು ತಂದಿದೀನಿ."

ಅವನು ನನ್ನ ಚೀಲದಿಂದ ಹೊರಬಂದ ಕ್ಯಾನನ್ನು ವಿಚಿತ್ರವಾಗಿ ನೋಡಿ, "ಬಿಯರಾ? ಇಡಿ ಸಾರ್, ಅದಕ್ಕೆಂತ," ಎಂದು ಊಟದ ವ್ಯವಸ್ಥೆ ನೋಡಲು ಹೋದ.

ಅಡುಗೆಮನೆಯ ಕಪಾಟಿನಲ್ಲಿ ಬಿಳಿ ಬಟ್ಟಲುಗಳು ಇದ್ದ ಜಾಗದಲ್ಲೇ ಇದ್ದವು. ಒಂದನ್ನು ತೊಳೆದು ತಂದು ಗೋಧಿ ಬಿಯರು ಸುರಿದೆ. ಎಲೆಯ ಪಕ್ಕದಲ್ಲಿಟ್ಟು, ಜನ ಬಂದು ಹೋಗುತ್ತಿದ್ದರೂ ಅಲ್ಲೇ ನೆಲದ ಮೇಲೆ ಇಪ್ಪತ್ತು ನಿಮಿಷ ಕೂತೆ. ಆಮೇಲೆ ಜೇಬಿನಿಂದ ಚಮಚ ತೆಗೆದು ನೊರೆ ಸರಿಸಿ, ಬಾಗಿ ಮೂಸಿದೆ. ಕೇಳುವವರು ಇರಲಿಲ್ಲ, ಆದರೂ ಹೇಳಿದೆ.

"ಬಾಳೆಹಣ್ಣು, ಸಾರ್. ಅವತ್ತೂ ಬಾಳೆಹಣ್ಣೇ ಇತ್ತು."